ಬಿದ್ದರೆ ದುಡ್ಡು, ಸವೆದರೆ ಇಲ್ಲ

ವಿಮಾ ಪಾಲಿಸಿಗಳಲ್ಲಿ ‘ಅಪಘಾತ’ ಎಂಬ ಪದಕ್ಕೆ ಅಳೆದು ತೂಗಿದ ಅರ್ಥವಿದೆ. ಅದು ಹಠಾತ್ತನೆ ಆಗಬೇಕು, ಯಾರೂ ಎಣಿಸಿರಬಾರದು, ಬೇಕೆಂದು ಮಾಡಿಕೊಂಡದ್ದಾಗಿರಬಾರದು. ಹೊರಗಿನಿಂದ ಬಂದಿರಬೇಕು, ಕಣ್ಣಿಗೆ ಕಾಣಬೇಕು, ಬಲವಾಗಿ ಅಪ್ಪಳಿಸಿರಬೇಕು. ಇವೆಲ್ಲ ಕೂಡಿಬಂದು ಕೈಯೋ ಕಾಲೋ ಕಣ್ಣೋ ಹೋದರೆ ಕಂಪನಿ ದುಡ್ಡು ಕೊಡುತ್ತದೆ. ಭಾರತದಲ್ಲಿ ಡಿಸೆಬಿಲಿಟಿ ಇನ್ಶೂರೆನ್ಸ್ ಬೇಕೆಂದು ಕೇಳಿದವರಿಗೆ ಸಿಗುವುದು ಹೆಚ್ಚುಕಡಿಮೆ ಇದೊಂದೇ. ಒಂದೋ ಪರ್ಸನಲ್ ಆಕ್ಸಿಡೆಂಟ್ ಪಾಲಿಸಿ, ಇಲ್ಲವೇ ಟರ್ಮ್ ಇನ್ಶೂರೆನ್ಸಿಗೆ ಅಂಟಿಸಿದ ಆಕ್ಸಿಡೆಂಟ್ ರೈಡರ್. ಕಾಯಿಲೆಯಿಂದ ದುಡಿಯುವ ಶಕ್ತಿ ಕಳೆದುಕೊಂಡವರಿಗೆ ತಿಂಗಳು ತಿಂಗಳು ಸಂಬಳದ ಒಂದು ಪಾಲು ಕೊಡುವ ಪಾಲಿಸಿ ಅಮೆರಿಕ, ಜರ್ಮನಿಗಳಲ್ಲಿ ಹೊಸದೇನಲ್ಲ. ಇಲ್ಲಿ ಒಬ್ಬ ಸಾಮಾನ್ಯ ಮನುಷ್ಯ ಹೋಗಿ ಕೊಳ್ಳಬಹುದಾದ ಸರಕಾಗಿ ಅದು ಇಲ್ಲವೆಂದೇ ಹೇಳಬೇಕು.

ಈಗ ಆ ವ್ಯಾಖ್ಯೆಯ ಪಕ್ಕದಲ್ಲಿ ಅಪ್ಪನಿಂದಲೋ ಅಮ್ಮನಿಂದಲೋ ಬಂದ ಒಂದು ನರದ ಕಾಯಿಲೆಯನ್ನು ಇಟ್ಟು ನೋಡಿ. ಅದು ಒಳಗಿನಿಂದ ಬರುತ್ತದೆ. ಬಹುಕಾಲ ಕಣ್ಣಿಗೆ ಕಾಣುವುದಿಲ್ಲ. ಅಪ್ಪಳಿಸುವುದಿಲ್ಲ, ಸವೆಸುತ್ತದೆ. ಹಠಾತ್ತನೆ ಬರುವ ಮಾತಂತೂ ದೂರ, ಇಪ್ಪತ್ತು ವರ್ಷ ತೆಗೆದುಕೊಳ್ಳುತ್ತದೆ. ಕೊನೆಗೆ ಕೈಗೆ ಪೆನ್ನು ಹಿಡಿಯಲಾಗದೆ, ಕಾಲಿಗೆ ಮೆಟ್ಟಿಲು ಹತ್ತಲಾಗದೆ ಕೂತಾಗ ಆ ಮನುಷ್ಯನ ನಷ್ಟ ಬಸ್ಸಿನಡಿ ಕಾಲು ಕಳೆದುಕೊಂಡವನ ನಷ್ಟದಷ್ಟೇ ದೊಡ್ಡದು. ಪಾಲಿಸಿಯ ಲೆಕ್ಕದಲ್ಲಿ ಮಾತ್ರ ಅಲ್ಲಿ ಏನೂ ನಡೆದೇ ಇಲ್ಲ.

ಇಂಥ ಕಾಯಿಲೆಗಳಲ್ಲಿ ಹೆಚ್ಚು ಜನರಲ್ಲಿ ಕಾಣುವುದು ಶಾರ್ಕೋ-ಮೇರಿ-ಟೂತ್, ಚಿಕ್ಕದಾಗಿ ಸಿಎಂಟಿ. 1886ರಲ್ಲಿ ಪ್ಯಾರಿಸ್ಸಿನ ಜ್ಯಾಂ ಮಾರ್ತ್ಯಾಂ ಶಾರ್ಕೋ, ಪಿಯೆರ್ ಮೇರಿ ಮತ್ತು ಇಂಗ್ಲೆಂಡಿನ ಹೋವರ್ಡ್ ಟೂತ್ ಇದನ್ನು ವಿವರಿಸಿದ್ದರಿಂದ ಈ ಹೆಸರು. ಹಲ್ಲಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಸುಮಾರು 2500 ಜನರಲ್ಲಿ ಒಬ್ಬರಿಗೆ ಇರುತ್ತದೆಂಬುದು ಸಾಮಾನ್ಯವಾಗಿ ಕೊಡುವ ಅಂದಾಜು. ಮೆದುಳು, ಬೆನ್ನುಹುರಿಗಳಿಂದ ಕೈಕಾಲುಗಳಿಗೆ ಹೋಗುವ ನರಗಳೋ ಅವುಗಳ ಹೊರಕವಚವೋ ಕ್ರಮೇಣ ಹಾಳಾಗುತ್ತವೆ. ಪಾದದ ಕಮಾನು ಎತ್ತರವಾಗುತ್ತದೆ, ಬೆರಳುಗಳು ಮಡಚಿಕೊಳ್ಳುತ್ತವೆ, ಹೆಜ್ಜೆ ಎತ್ತುವಾಗ ಪಾದದ ಮುಂಭಾಗ ಜೋತುಬೀಳುತ್ತದೆ. ಆಮೇಲೆ ಕೈ. ಅಂಗಿಯ ಗುಂಡಿ, ಬೀಗದ ಕೈ, ಬಾಟಲಿಯ ಮುಚ್ಚಳ. ಆಯುಸ್ಸಿಗೆ ಸಾಮಾನ್ಯವಾಗಿ ಧಕ್ಕೆಯಿಲ್ಲ, ಬುದ್ಧಿಗೂ ಇಲ್ಲ. ಹೆಚ್ಚು ಕಾಣುವ 1ಎ ಬಗೆಗೆ ಕಾರಣ 17ನೆಯ ಕ್ರೋಮೋಸೋಮಿನ ಒಂದು ತುಣುಕು ಎರಡೆರಡಾಗಿರುವುದು ಎಂದು 1991ರಲ್ಲಿ ಗೊತ್ತಾಯಿತು. ಆ ಬಗೆಯಲ್ಲಿ ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಇಬ್ಬರ ಕಡೆಯಿಂದಲೂ ದೋಷ ಬಂದರೆ ಮಾತ್ರ ಕಾಣಿಸಿಕೊಳ್ಳುವ ಬೇರೆ ಬಗೆಗಳೂ ಇವೆ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ನಮ್ಮ ಸೀಮೆಗಳಲ್ಲಿ ಅವನ್ನೂ ಮರೆಯುವಂತಿಲ್ಲ.

ಕನ್ನಡದಲ್ಲಿ ಇದಕ್ಕೆ ಹೆಸರಿಲ್ಲ. ‘ನರ’ ಎಂಬ ಒಂದೇ ಪದ ನಮ್ಮ ಆಡುಮಾತಿನಲ್ಲಿ ನರಕ್ಕೂ, ರಕ್ತನಾಳಕ್ಕೂ, ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಗೂ ನಡೆಯುತ್ತದೆ. ‘ನರದೌರ್ಬಲ್ಯ’ ಎನ್ನೋಣವೆಂದರೆ ಬಸ್‌ಸ್ಟ್ಯಾಂಡಿನ ಗೋಡೆಗಳ ಮೇಲೆ ಲಾಡ್ಜಿನ ವೈದ್ಯರು ಆ ಪದವನ್ನು ಇನ್ನೊಂದೇ ದೌರ್ಬಲ್ಯಕ್ಕೆ ಬರೆಸಿಟ್ಟಿದ್ದಾರೆ. ನಿಜವಾಗಿ ನರ ದುರ್ಬಲವಾದವರು ಆ ಪದವನ್ನು ನೆಂಟರ ಮುಂದೆ ಎತ್ತುವಂತಿಲ್ಲ. ಹಾಗಾಗಿ ಮನೆಗಳಲ್ಲಿ ಅದು ಕಾಯಿಲೆಯೇ ಅಲ್ಲ, ಒಂದು ಚಹರೆ. ಅಜ್ಜ ಹಾಗೇ ನಡೆಯುತ್ತಿದ್ದರು, ಅತ್ತೆಯೂ ಹಾಗೇ. ಧಾರವಾಡದ ಕಡೆಯ ಮನೆಯಾದರೆ, “ನಮ್ಮ ಮನಿ ಮಂದೀ ನಡಿಗೀನ ಹಂಗ” ಎಂದು ಮಾತು ಮುಗಿಯುತ್ತದೆ.

ಅಂಥ ಮನೆಯ ಹೆಣ್ಣುಮಗಳೊಬ್ಬಳು ಪುಣೆಯ ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಟೆಸ್ಟರ್ ಆಗಿದ್ದಾಳೆ, ವಯಸ್ಸು 34 ಎಂದಿಟ್ಟುಕೊಳ್ಳಿ. ಪದೇ ಪದೇ ಎಡವುತ್ತಿದ್ದಳೆಂದು ನ್ಯೂರಾಲಜಿಸ್ಟ್ ಬಳಿ ಹೋದಳು. ನರಗಳಲ್ಲಿ ವಿದ್ಯುತ್ತು ಎಷ್ಟು ವೇಗವಾಗಿ ಹರಿಯುತ್ತದೆಂದು ಅಳೆಯುವ ಪರೀಕ್ಷೆ ಮಾಡಿದರು, ವೇಗ ಕಡಿಮೆ ಬಂತು. ರಿಪೋರ್ಟಿನಲ್ಲಿ ‘ಹೆರಿಡಿಟರಿ ಮೋಟಾರ್ ಅಂಡ್ ಸೆನ್ಸರಿ ನ್ಯೂರೋಪತಿ’ ಎಂದು ಬರೆದರು. ಅವಳಿಗೆ ಕೆಲಸವಿದೆ, ಮನೆಯ ಸಾಲವಿದೆ, ಊರಿನಲ್ಲಿ ಅವ್ವ ಇದ್ದಾಳೆ. ಇನ್ನು ಹದಿನೈದು ವರ್ಷಕ್ಕೆ ಕೈ ಕೀಬೋರ್ಡಿನ ಮೇಲೆ ಓಡದಿದ್ದರೆ ಏನು ಗತಿ ಎಂಬುದು ಅವಳ ಪ್ರಶ್ನೆ. ಜವಾಬ್ದಾರಿಯುಳ್ಳ ಯಾರಿಗಾದರೂ ಬರುವ ಪ್ರಶ್ನೆಯೇ. ವಿಮೆ ಎಂಬ ವ್ಯವಹಾರ ಹುಟ್ಟಿದ್ದೇ ಇಂಥ ಪ್ರಶ್ನೆಗಳಿಗೆ.

ಅವಳಿಗೆ ಸಿಗುವ ಉತ್ತರಗಳನ್ನು ಒಂದೊಂದಾಗಿ ನೋಡಬಹುದು. ಸಂಬಳದ ಬದಲಿಗೆ ದುಡ್ಡು ಕೊಡುವ ಪಾಲಿಸಿ: ಮಾರುಕಟ್ಟೆಯಲ್ಲಿಲ್ಲ. ಕ್ರಿಟಿಕಲ್ ಇಲ್‌ನೆಸ್ ಪಾಲಿಸಿ: ಪಟ್ಟಿಯಲ್ಲಿ ಕ್ಯಾನ್ಸರ್, ಹೃದಯಾಘಾತ, ಪಾರ್ಶ್ವವಾಯು, ಮಲ್ಟಿಪಲ್ ಸ್ಕ್ಲೆರೋಸಿಸ್, ಮೋಟಾರ್ ನ್ಯೂರಾನ್ ಕಾಯಿಲೆಗಳಿರುತ್ತವೆ, ಅವಳದಿಲ್ಲ. ಉಳಿದದ್ದು ಆಕ್ಸಿಡೆಂಟ್ ಪಾಲಿಸಿ. ಅದು ಅವಳ ಕಾಯಿಲೆಗೆ ಹೇಗೂ ದುಡ್ಡು ಕೊಡುವುದಿಲ್ಲ. ಆದರೂ ಅರ್ಜಿಯಲ್ಲಿ ಕೇಳುತ್ತಾರೆ: ನಿಮಗೆ ಯಾವುದಾದರೂ ದೈಹಿಕ ದೋಷ, ನರಸಂಬಂಧಿ ಕಾಯಿಲೆ ಇದೆಯೇ? ಇದೆ ಎಂದರೆ ‘ಈಕೆ ಬೀಳುವ ಸಾಧ್ಯತೆ ಹೆಚ್ಚು’ ಎಂದು ಅರ್ಜಿ ವಾಪಸು ಬರಬಹುದು. ಬರದಿದ್ದರೂ ನೆಮ್ಮದಿಯಿಲ್ಲ. ಮೊದಲೇ ಇದ್ದ ಕಾಯಿಲೆಯಿಂದ ಉಂಟಾದ ಅಥವಾ ಅದರಿಂದ ಉಲ್ಬಣಗೊಂಡ ಅಂಗವೈಕಲ್ಯಕ್ಕೆ ಹಣವಿಲ್ಲ ಎಂಬ ಸಾಲು ಇಂಥ ಅನೇಕ ಪಾಲಿಸಿಗಳಲ್ಲಿದೆ. ನಾಳೆ ಅವಳು ರಸ್ತೆಯ ಗುಂಡಿಗೆ ಕಾಲಿಟ್ಟು ಬಿದ್ದು ಸೊಂಟ ಮುರಿದುಕೊಂಡರೆ, ಬೀಳಿಸಿದ್ದು ಗುಂಡಿಯೋ ನರವೋ ಎಂಬ ವ್ಯಾಜ್ಯ ಶುರುವಾಗುತ್ತದೆ. ಗುಂಡಿ ಎಂದು ಸಾಬೀತು ಮಾಡುವ ಹೊಣೆ ಹಾಸಿಗೆಯಲ್ಲಿ ಮಲಗಿದವಳದು.

ಒಟ್ಟಿನಲ್ಲಿ ಕಾಯಿಲೆ ಕಾಯಿಲೆಯಾಗಿ ಬಂದರೆ ‘ಇದು ಅಪಘಾತವಲ್ಲ’, ಅಪಘಾತವಾಗಿ ಬಂದರೆ ‘ಇದು ಕಾಯಿಲೆ’. ಎರಡೂ ಕಡೆಯಿಂದ ಬಾಗಿಲು ಹಾಕಿಕೊಂಡ ಮನೆಯಿದು.

ಇದರ ಹಿಂದಿರುವ ಪದಗಳ ಚೌಕಾಶಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಮೋಸವಿರುವುದು ಅಲ್ಲಿ. ‘ಪ್ರೀ-ಎಕ್ಸಿಸ್ಟಿಂಗ್ ಡಿಸೀಸ್’, ಅಂದರೆ ಮೊದಲೇ ಇದ್ದ ಕಾಯಿಲೆ. ನಿಯಮದ ಪ್ರಕಾರ ಇದರರ್ಥ ಪಾಲಿಸಿಗೆ ಮುಂಚಿನ ಇಂತಿಷ್ಟು ತಿಂಗಳಲ್ಲಿ ವೈದ್ಯರು ಪತ್ತೆ ಮಾಡಿದ, ಅಥವಾ ಸಲಹೆ ಚಿಕಿತ್ಸೆ ಕೊಟ್ಟ ಕಾಯಿಲೆ. 2024ರ ನಿಯಮದಲ್ಲಿ ಆ ಅವಧಿ 36 ತಿಂಗಳು. ಅಂದರೆ ಇಲ್ಲಿ ‘ಇರುವುದು’ ಎಂದರೆ ‘ಗೊತ್ತಿರುವುದು’. ಜೀನಿನಲ್ಲಿ ಇದ್ದ ಮಾತ್ರಕ್ಕೆ ಕಾಯಿಲೆ ಇದ್ದಂತಲ್ಲ. ಇನ್ನೊಂದು ಪದ ‘ಕಂಜೆನಿಟಲ್’, ಜನ್ಮಜಾತ. ಅದರ ವ್ಯಾಖ್ಯೆ ಹೇಳುವುದು ಹುಟ್ಟಿನಿಂದಲೇ ಇದ್ದು, ಆಕಾರ, ರಚನೆ ಅಥವಾ ಸ್ಥಾನದಲ್ಲಿ ಅಸಹಜವಾಗಿರುವುದನ್ನು. ಸಿಎಂಟಿಯ ಮಗುವಿನ ಪಾದ ಹುಟ್ಟುವಾಗ ಸಾಮಾನ್ಯವಾಗಿ ಎಲ್ಲರ ಪಾದದಂತೆಯೇ ಇರುತ್ತದೆ. ಹಾಗಾಗಿ ಅದು ಜನ್ಮಜಾತವೂ ಅಲ್ಲ. ಮೂರನೆಯದು ‘ಜೆನೆಟಿಕ್’. ಈ ಮೂರು ಬೇರೆ ಬೇರೆ ಪದಗಳು, ಕಾನೂನಿನಲ್ಲಿ ಬೇರೆ ಬೇರೆ ಪರಿಣಾಮಗಳಿರುವಂಥವು. ಅರ್ಜಿ ತಿರಸ್ಕರಿಸುವ ಮೇಜಿನ ಮೇಲೆ ಮಾತ್ರ ಮೂರೂ ಕರಗಿ ಒಂದಾಗುತ್ತವೆ: ‘ನಿನಗಿದು ಹುಟ್ಟಿನಿಂದಲೇ ಇತ್ತು, ಇನ್ನೇನು ವಿಮೆ?’ ಕನ್ನಡದಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ನಮ್ಮಲ್ಲಿ ಜ್ವರ ಬರುತ್ತದೆ, ಕಾಯಿಲೆ ಬರುತ್ತದೆ. ಬರುವ ತನಕ ಅದು ಬಂದಿರುವುದಿಲ್ಲ.

ಈ ವಾದ ಕೋರ್ಟಿನ ಮೆಟ್ಟಿಲನ್ನೂ ಹತ್ತಿದೆ. ದೆಹಲಿಯಲ್ಲಿ ಒಬ್ಬರು ವರ್ಷಗಟ್ಟಲೆ ಪಾಲಿಸಿ ನವೀಕರಿಸಿಕೊಂಡು ಬಂದಿದ್ದರು. ಹೃದಯದ ಸ್ನಾಯು ದಪ್ಪವಾಗುವ ಕಾಯಿಲೆಗೆ ಮುಂಚೆ ಹಣ ಕೊಟ್ಟಿದ್ದ ಕಂಪನಿಯೇ 2011ರಲ್ಲಿ ‘ಜೆನೆಟಿಕ್ ಕಾಯಿಲೆಗಳು ಹೊರತು’ ಎಂಬ ಷರತ್ತು ತೋರಿಸಿ ಇಲ್ಲವೆಂದಿತು. 2018ರ ಫೆಬ್ರವರಿಯಲ್ಲಿ ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ ಪ್ರತಿಭಾ ಎಂ. ಸಿಂಗ್, ಜೆನೆಟಿಕ್ ಕಾಯಿಲೆಗಳನ್ನು ಹಾಗೆ ಸಾರಾಸಗಟಾಗಿ ಹೊರಗಿಡುವುದು ತಾರತಮ್ಯ, ಸಂವಿಧಾನದ 14ನೇ ವಿಧಿಗೆ ವಿರುದ್ಧ ಎಂದು ತೀರ್ಪು ಕೊಟ್ಟರು. ಮಾರ್ಚಿನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, ಆ ಷರತ್ತು ಮುಂದಿಟ್ಟು ಕ್ಲೇಮು ತಿರಸ್ಕರಿಸಬೇಡಿ ಎಂದು ಕಂಪನಿಗಳಿಗೆ ಬರೆಯಿತು. ಅದೇ ವರ್ಷ ಸುಪ್ರೀಂ ಕೋರ್ಟು ತೀರ್ಪಿನ ಆ ವಿಶಾಲ ಭಾಗಕ್ಕೆ ತಡೆ ಕೊಟ್ಟಿತು. 2019ರ ಸೆಪ್ಟೆಂಬರಿನಲ್ಲಿ ಐಆರ್‌ಡಿಎಐ ಮತ್ತೊಂದು ಮಾರ್ಗಸೂಚಿ ತಂದು, ಪಾಲಿಸಿಗಳಲ್ಲಿ ಯಾವುದನ್ನು ಹೊರಗಿಡಬಾರದು ಎಂಬ ಪಟ್ಟಿಯಲ್ಲಿ ಜೆನೆಟಿಕ್ ಕಾಯಿಲೆಗಳನ್ನೂ ಸೇರಿಸಿತು.

ಇಷ್ಟು ಓದಿದವರಿಗೆ ಸಮಸ್ಯೆ ಮುಗಿಯಿತು ಅನ್ನಿಸಬಹುದು. ಆದರೆ ಆ ಮಾರ್ಗಸೂಚಿ ಅನ್ವಯಿಸುವುದು ಆಸ್ಪತ್ರೆಯ ಖರ್ಚು ಕೊಡುವ ಪಾಲಿಸಿಗಳಿಗೆ ಮಾತ್ರ. ಪರ್ಸನಲ್ ಆಕ್ಸಿಡೆಂಟ್ ಪಾಲಿಸಿಗಳನ್ನು ಹೆಸರು ಹಿಡಿದು ಹೊರಗಿಟ್ಟಿದ್ದಾರೆ. ಹೀಗಾಗಿ ಸಿಎಂಟಿ ಇರುವವರಿಗೆ ಆಸ್ಪತ್ರೆಯ ಕೋಣೆಯ ಬಾಡಿಗೆಗೆ ಸಿಗುವ ರಕ್ಷಣೆ, ಕೆಲಸ ಕಳೆದುಕೊಂಡಾಗಿನ ಬಾಡಿಗೆಗೆ ಸಿಗುವುದಿಲ್ಲ. ಈ ಕಾಯಿಲೆಗೆ ಆಸ್ಪತ್ರೆಯಲ್ಲಿ ಮಲಗಿಸಿ ಮಾಡುವ ಚಿಕಿತ್ಸೆಯೇ ಕಡಿಮೆ ಎಂಬುದನ್ನೂ ಗಮನಿಸಬೇಕು. ಒಮ್ಮೊಮ್ಮೆ ಪಾದದ ಶಸ್ತ್ರಚಿಕಿತ್ಸೆ, ಉಳಿದಂತೆ ಕಾಲಿಗೆ ಕಟ್ಟುವ ಪ್ಲಾಸ್ಟಿಕ್ ಬ್ರೇಸು, ವ್ಯಾಯಾಮ. ಇದರ ಅಸಲಿ ಖರ್ಚು ದುಡಿಮೆ ಕಡಿಮೆಯಾಗುವುದು. ರಕ್ಷಣೆ ಬೇಕಾದ ಜಾಗದಲ್ಲೇ ತೂತು.

ಅದೇ 2019ರ ದಾಖಲೆಯಲ್ಲಿ ಇನ್ನೊಂದು ಪಟ್ಟಿಯಿದೆ. ಅರ್ಜಿದಾರರಿಗೆ ಮೊದಲೇ ಇದ್ದರೆ ಅವರ ಒಪ್ಪಿಗೆ ಪಡೆದು ಶಾಶ್ವತವಾಗಿ ಹೊರಗಿಡಬಹುದಾದ ಕಾಯಿಲೆಗಳ ಪಟ್ಟಿ ಅದು. ಒಂದೊಂದರ ಮುಂದೆಯೂ ಅಂತರರಾಷ್ಟ್ರೀಯ ಸಂಕೇತಸಂಖ್ಯೆ ಕೊಟ್ಟಿದ್ದಾರೆ. ಅದರಲ್ಲಿ ‘ಡಿಮೈಲಿನೇಟಿಂಗ್ ಡಿಸೀಸ್’ ಇದೆ. ಮಲ್ಟಿಪಲ್ ಸ್ಕ್ಲೆರೋಸಿಸ್‌ನಂಥ, ಮೆದುಳು ಬೆನ್ನುಹುರಿಗಳ ಕಾಯಿಲೆಗಳಿಗೆ ಸೇರಿದ ಸಂಕೇತಗಳು ಅವು. ಸಿಎಂಟಿಯ ಸಂಕೇತ ಜಿ60.0, ಅದು ಪಟ್ಟಿಯಲ್ಲಿಲ್ಲ. ಆದರೆ ಸಿಎಂಟಿಯ ಮೊದಲ ಬಗೆಯವರ ನರಪರೀಕ್ಷೆಯ ರಿಪೋರ್ಟಿನಲ್ಲೂ ‘ಡಿಮೈಲಿನೇಟಿಂಗ್’ ಎಂಬ ಪದ ಇದ್ದೇ ಇರುತ್ತದೆ. ಪದ ಒಂದೇ, ಕಾಯಿಲೆ ಬೇರೆ. ಅರ್ಜಿಯ ಜೊತೆ ರಿಪೋರ್ಟು ಲಗತ್ತಿಸುವವರು ವೈದ್ಯರಿಂದ ಸಂಕೇತಸಂಖ್ಯೆಯನ್ನು ಕಡ್ಡಾಯವಾಗಿ ಬರೆಸಿಕೊಳ್ಳಬೇಕು. ಇಂಥ ಒಂದು ಪದದ ಗೊಂದಲದಲ್ಲಿ ಶಾಶ್ವತವಾಗಿ ಹೊರಗುಳಿಯುವುದು ದೊಡ್ಡ ಮಾತೇನಲ್ಲ.

ಕಂಪನಿಗಳ ಪರವಾದ ವಾದವನ್ನೂ ಕೇಳಬೇಕು, ಅದು ಪೊಳ್ಳಲ್ಲ. ಬೆಂಕಿ ಹತ್ತಿದ ಮನೆಗೆ ಯಾರೂ ವಿಮೆ ಕೊಡುವುದಿಲ್ಲ. ಕಾಯಿಲೆ ಗೊತ್ತಾದ ಮೇಲೆ ಬಂದವರಿಗೆಲ್ಲ ಪಾಲಿಸಿ ಕೊಟ್ಟರೆ ಕಾಯಿಲೆಯವರೇ ತುಂಬಿಕೊಂಡು, ಪ್ರೀಮಿಯಂ ಏರಿ, ಆರೋಗ್ಯವಂತರು ಬಿಟ್ಟುಹೋಗಿ, ನಿಧಿಯೇ ಮುಳುಗುತ್ತದೆ. ಸರಿ. ಆದರೆ ಈ ಉಪಮೆ ಸಿಎಂಟಿಗೆ ಹೊಂದುವುದಿಲ್ಲ. ಒಂದೇ ಮನೆಯಲ್ಲಿ, ಒಂದೇ ಜೀನ್ ದೋಷವಿದ್ದೂ, ಒಬ್ಬರಿಗೆ ಎತ್ತರದ ಪಾದದಾಚೆಗೆ ಏನೂ ಆಗದೆ ಎಪ್ಪತ್ತು ದಾಟುತ್ತದೆ, ಇನ್ನೊಬ್ಬರಿಗೆ ನಲವತ್ತಕ್ಕೆ ಊರುಗೋಲು ಬರುತ್ತದೆ. ಯಾರಿಗೆ ಎಷ್ಟು ಎಂದು ಮುಂಚಿತವಾಗಿ ಹೇಳಲು ವೈದ್ಯರಿಗೂ ಆಗುವುದಿಲ್ಲ. ಇದು ನಿಶ್ಚಿತವಲ್ಲ, ಅನಿಶ್ಚಿತ. ಅನಿಶ್ಚಿತವನ್ನು ಕೊಂಡು ಮಾರುವುದೇ ವಿಮಾ ಕಂಪನಿಯ ಕಸುಬು. ಅದರ ಬೆಲೆ ಕಟ್ಟಲು ಸಂಬಳ ಕೊಟ್ಟು ಆಕ್ಚುಯರಿಗಳನ್ನು ಇಟ್ಟುಕೊಂಡಿದ್ದಾರೆ.

ಕಟ್ಟಲಾಗದ ಬೆಲೆಯೇನಲ್ಲ. ಸಕ್ಕರೆ ಕಾಯಿಲೆಯನ್ನೇ ನೋಡಿ. ಅದೂ ಮನೆತನದಲ್ಲಿ ಹರಿಯುತ್ತದೆ, ಅದೂ ಪಾದದ ನರಗಳನ್ನು ಸಾಯಿಸುತ್ತದೆ, ಕಾಲು ಕತ್ತರಿಸುವ ತನಕ ಹೋಗುತ್ತದೆ. ಆದರೂ ಸಕ್ಕರೆ ಕಾಯಿಲೆಯವರಿಗೆಂದೇ ವಿಶೇಷ ಪಾಲಿಸಿಗಳಿವೆ, ಹೆಚ್ಚುವರಿ ಪ್ರೀಮಿಯಂ ಲೆಕ್ಕವಿದೆ, ಅದನ್ನು ಪ್ರಚಾರ ಮಾಡುವ ಜಾಹೀರಾತುಗಳಿವೆ. ವ್ಯತ್ಯಾಸ ವೈದ್ಯಕೀಯದ್ದಲ್ಲ, ಗಿರಾಕಿಗಳ ಸಂಖ್ಯೆಯದು. ಕೋಟಿಗಟ್ಟಲೆ ಗಿರಾಕಿಗಳಿರುವ ಕಾಯಿಲೆಗೆ ಲೆಕ್ಕ ಹಾಕುವ ಶ್ರಮ ಲಾಭದಾಯಕ, ಲಕ್ಷಗಳಲ್ಲಿರುವ ಕಾಯಿಲೆಗೆ ಅಲ್ಲ. ಅದನ್ನು ಹಾಗೆಂದೇ ಹೇಳಬಹುದಿತ್ತು. ‘ನಿಮ್ಮ ರಿಸ್ಕ್ ತೆಗೆದುಕೊಳ್ಳಲಾಗದು’ ಎಂಬುದರ ಬದಲು ‘ನಿಮ್ಮ ಲೆಕ್ಕ ಹಾಕುವಷ್ಟು ಪುರುಸೊತ್ತಿಲ್ಲ’ ಎಂದು.

ಇನ್ನೂ ದೊಡ್ಡ ಸಾಕ್ಷಿ ಕಂಪನಿಗಳ ಕೈಯಲ್ಲೇ ಇದೆ. ಅದೇ ಹಿಂಜವಡಿಯ ಆಫೀಸಿನಲ್ಲಿ ಉದ್ಯೋಗಿಗಳಿಗೆಲ್ಲ ಗ್ರೂಪ್ ಪಾಲಿಸಿ ಇರುತ್ತದೆ. ಸಾಮಾನ್ಯವಾಗಿ ಅದರಲ್ಲಿ ಆರೋಗ್ಯ ಪರೀಕ್ಷೆಯಿಲ್ಲ, ಮೊದಲೇ ಇದ್ದ ಕಾಯಿಲೆಗೂ ಮೊದಲ ದಿನದಿಂದ ರಕ್ಷಣೆ. ಇದೇ ಟೆಸ್ಟರನ್ನು ಸಾವಿರ ಜನರ ನಡುವೆ ಒಬ್ಬಳಾಗಿ ಸ್ವೀಕರಿಸುವ ಉದ್ಯಮ, ಒಬ್ಬಳೇ ಬಂದಾಗ ಬೇಡವೆನ್ನುತ್ತದೆ. ಅವಳ ನರಗಳೇನೂ ಈ ನಡುವೆ ಬದಲಾಗಿಲ್ಲ. ಕೆಲಸ ಬಿಟ್ಟ ದಿನ ಗ್ರೂಪಿನ ರಕ್ಷಣೆಯೂ ಹೋಗುತ್ತದೆ. ಕಾಯಿಲೆಯಿಂದಲೇ ಕೆಲಸ ಬಿಡುವವರಿಗೆ ಅದು ಬೇಕಾದ ದಿನವೇ ಹೋಗುತ್ತದೆ. ಇನ್ನು ಗ್ರೂಪೇ ಇಲ್ಲದವರು: ಮುಂಬೈನ ಉಡುಪಿ ಹೋಟೆಲುಗಳಲ್ಲಿ ತಟ್ಟೆ ಹೊರುವವರು, ಹೈದರಾಬಾದಿನಲ್ಲಿ ಕ್ಯಾಬ್ ಓಡಿಸುವವರು, ಮನೆಯಲ್ಲೇ ಕೂತು ಬಿಡಿಗೆಲಸ ಮಾಡುವವರು. ಹೆಬ್ಬೆರಳ ಬಲ ಹೋಗಿ ಕೈಯಿಂದ ತಟ್ಟೆ ಜಾರಿದರೆ ಹೋಟೆಲಿನವನಿಗೆ ಅದು ‘ಅಜಾಗರೂಕತೆ’, ರೋಗಲಕ್ಷಣವಲ್ಲ.

ಇಷ್ಟೆಲ್ಲ ಬಾಗಿಲು ಮುಚ್ಚಿದಾಗ ಒಬ್ಬರು ಬಂದು ಕಿಟಕಿ ತೋರಿಸುತ್ತಾರೆ. ಏಜೆಂಟು. ಊರಿನ ಕಡೆಯವರೇ ಆಗಿದ್ದರೆ ಪ್ರೀತಿಯಿಂದಲೇ ಹೇಳುತ್ತಾರೆ: “ಅಕ್ಕಾರ, ಅದೆಲ್ಲಾ ಬರೀಬ್ಯಾಡ್ರಿ, ನೋ ಅಂತ ಟಿಕ್ ಹಾಕಿಬಿಡ್ರಿ. ಮೂರು ವರ್ಷ ದಾಟಿದ್ರ ಯಾರೂ ಕೇಳಂಗಿಲ್ಲ.” ಇದು ಅರ್ಧಸತ್ಯ, ಅದಕ್ಕೇ ಅಪಾಯಕಾರಿ. ವಿಮಾ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ ಮೂರು ವರ್ಷದ ನಂತರ ಪ್ರಶ್ನಿಸಲಾಗದ್ದು ಜೀವವಿಮೆಯನ್ನು. ಆರೋಗ್ಯ ಪಾಲಿಸಿಯಲ್ಲಿ ಆ ಅವಧಿ ಈಗ 60 ತಿಂಗಳು, ಅಲ್ಲಿಯೂ ವಂಚನೆ ಸಾಬೀತಾದರೆ ರಕ್ಷಣೆಯಿಲ್ಲ. ಪ್ರೀಮಿಯಂ ಕಟ್ಟುವಾಗ ಕಮಿಷನ್ ಏಜೆಂಟಿಗೆ, ಕ್ಲೇಮು ಬಿದ್ದಾಗ ಸಹಿ ಮಾತ್ರ ಗಿರಾಕಿಯದು. 2009ರಲ್ಲೇ ಸುಪ್ರೀಂ ಕೋರ್ಟು, ಅರ್ಜಿಯಲ್ಲಿ ಕೇಳಿದ ಮಹತ್ವದ ಸಂಗತಿಯನ್ನು ಮುಚ್ಚಿಟ್ಟರೆ ಕ್ಲೇಮು ತಿರಸ್ಕರಿಸಬಹುದು ಎಂದಿದೆ. ಇದರ ಇನ್ನೊಂದು ಮುಖವೂ ಇದೆ. 2021ರ ಡಿಸೆಂಬರಿನ ತೀರ್ಪಿನಲ್ಲಿ ಅದೇ ಕೋರ್ಟು, ಅರ್ಜಿದಾರ ಹೇಳಿಕೊಂಡ ಆರೋಗ್ಯಸ್ಥಿತಿಯನ್ನು ಪರಿಶೀಲಿಸಿ ಪಾಲಿಸಿ ಕೊಟ್ಟ ಮೇಲೆ ಅದೇ ಸ್ಥಿತಿಯನ್ನು ನೆಪ ಮಾಡಿ ಹಣ ನಿರಾಕರಿಸುವಂತಿಲ್ಲ ಎಂದಿತು. ಹೇಳಿದವರಿಗೆ ಕಾನೂನಿನ ಬಲವಿದೆ. ದುರಂತವೆಂದರೆ ಹೇಳಿದವರಿಗೆ ಪಾಲಿಸಿಯೇ ಸಿಗುವುದಿಲ್ಲ.

ಈ ವ್ಯವಸ್ಥೆ ತಿಳಿವಳಿಕೆಗೆ ದಂಡ ಹಾಕುತ್ತದೆ. ಪರೀಕ್ಷೆ ಮಾಡಿಸಿಕೊಳ್ಳದ ತಮ್ಮನಿಗೆ ಪಾಲಿಸಿ, ಮಾಡಿಸಿಕೊಂಡ ಅಕ್ಕನಿಗೆ ಇಲ್ಲ. ಅಕ್ಕ ತಮ್ಮನಿಗೆ ಏನು ಹೇಳಬೇಕು? “ಮೊದಲು ಪಾಲಿಸಿ ತಗೋ, ಆಮೇಲೆ ಡಾಕ್ಟರ ಹತ್ರ ಹೋಗು” ಎಂದೇ ಹೇಳುತ್ತಾಳೆ, ಯಾರಾದರೂ ಹಾಗೇ ಹೇಳುವುದು. ಆದರೆ ತಡಮಾಡುವುದಕ್ಕೆ ಮೈ ಬೆಲೆ ತೆರಬೇಕಾದೀತು. ವಿನ್‌ಕ್ರಿಸ್ಟೀನ್ ಎಂಬ ಔಷಧಿಯನ್ನು ರಕ್ತದ ಕ್ಯಾನ್ಸರ್, ಲಿಂಫೋಮಾಗಳಿಗೆ ದಿನನಿತ್ಯ ಬಳಸುತ್ತಾರೆ. ಸಿಎಂಟಿ ಇರುವವರಿಗೆ ಅದನ್ನು ಕೊಟ್ಟರೆ ಕೈಕಾಲುಗಳ ಬಲ ವಾರಗಳಲ್ಲೇ ಕುಸಿಯಬಹುದು. ತಮಗೆ ಸಿಎಂಟಿ ಇದೆಯೆಂದು ಗೊತ್ತಿಲ್ಲದವರಿಗೆ ಹಾಗಾದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ ಸಾಕಷ್ಟಿವೆ. ಮನೆಯ ಕಾಯಿಲೆ ಏನೆಂದು ತಿಳಿದಿರುವುದು ಜೀವ ಕಾಯುವ ಸಂಗತಿ, ಅದನ್ನು ತಿಳಿಯದಿರು ಎಂದು ಮಾರುಕಟ್ಟೆ ಪಿಸುಗುಡುತ್ತಿದೆ.

ಬೇರೆ ದೇಶಗಳನ್ನು ತೋರಿಸಿ ನಾಚಿಸುವ ಅವಕಾಶವೂ ಇಲ್ಲಿ ಅಷ್ಟಿಲ್ಲ. ಅಮೆರಿಕ 2008ರಲ್ಲಿ ಜೆನೆಟಿಕ್ ಮಾಹಿತಿಯ ತಾರತಮ್ಯದ ವಿರುದ್ಧ ಕಾನೂನು ಮಾಡಿತು. ಅದು ಉದ್ಯೋಗಕ್ಕೂ ಆರೋಗ್ಯವಿಮೆಗೂ ಅನ್ವಯಿಸುತ್ತದೆ. ಜೀವವಿಮೆ, ಡಿಸೆಬಿಲಿಟಿ ವಿಮೆ, ದೀರ್ಘಕಾಲದ ಆರೈಕೆಯ ವಿಮೆ, ಈ ಮೂರನ್ನು ಬಿಟ್ಟಿತು. ಕೆನಡಾ 2017ರಲ್ಲಿ ಹೆಚ್ಚು ಗಟ್ಟಿಯಾದ ಕಾನೂನು ತಂದಿತು, ವಿಮೆಗಾಗಲಿ ಬೇರಾವ ಒಪ್ಪಂದಕ್ಕಾಗಲಿ ಜೆನೆಟಿಕ್ ಪರೀಕ್ಷೆಯನ್ನೋ ಅದರ ಫಲಿತಾಂಶವನ್ನೋ ಷರತ್ತಾಗಿ ಕೇಳುವುದನ್ನೇ ಅಪರಾಧ ಮಾಡಿತು. ಭಾರತದಲ್ಲಿ ಇಂಥ ಯಾವ ಕಾನೂನೂ ಇಲ್ಲ.

ಹಾಗಾದರೆ ಸರ್ಕಾರ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಮಸ್ಕ್ಯುಲರ್ ಡಿಸ್ಟ್ರೋಫಿ ಹೆಸರಿದೆ, ಮಲ್ಟಿಪಲ್ ಸ್ಕ್ಲೆರೋಸಿಸ್ ಹೆಸರಿದೆ, ಸಿಎಂಟಿಯ ಹೆಸರಿಲ್ಲ. ಚಲನವೈಕಲ್ಯ ಎಂಬ ದೊಡ್ಡ ಛತ್ರಿಯಡಿ ನಿಲ್ಲಬೇಕು. ಹೆಚ್ಚಿನ ಸವಲತ್ತುಗಳಿಗೆ ಕನಿಷ್ಠ 40 ಪರ್ಸೆಂಟ್ ವೈಕಲ್ಯದ ಸರ್ಟಿಫಿಕೇಟು ಬೇಕು. ಟೆಸ್ಟರಿಗೆ ಬೋರ್ಡಿನ ಮುಂದೆ 20 ಬರಬಹುದು, 25 ಬರಬಹುದು. ಅಂದರೆ ಸರ್ಕಾರದ ಲೆಕ್ಕದಲ್ಲಿ ಆಕೆಯ ಕಾಯಿಲೆ ಸಾಲದು, ಕಂಪನಿಯ ಲೆಕ್ಕದಲ್ಲಿ ಜಾಸ್ತಿ. ಈ ಎರಡರ ನಡುವಿನ ಓಣಿಯಲ್ಲಿ ಮನುಷ್ಯ ಹತ್ತಿಪ್ಪತ್ತು ವರ್ಷ ನಡೆಯಬೇಕು, ಅದೂ ಜೋತುಬಿದ್ದ ಪಾದದಲ್ಲಿ.

ಇರುವ ಸರ್ಕಾರಿ ಯೋಜನೆಗಳೂ ಬಹುಮಟ್ಟಿಗೆ ಅದೇ ಅಪಘಾತದ ಮಂತ್ರ ಜಪಿಸುತ್ತವೆ. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಪೂರ್ಣ ಅಂಗವೈಕಲ್ಯಕ್ಕೆ ಎರಡು ಲಕ್ಷ ಕೊಡುತ್ತದೆ, ಅಪಘಾತವಾದರೆ ಮಾತ್ರ. ತಿಂಗಳಿಗೆ 21,000 ರೂಪಾಯಿಯೊಳಗಿನ ಸಂಬಳದವರ ಇಎಸ್‌ಐನಲ್ಲಿ ಪಟ್ಟಿ ಮಾಡಿದ ಕೆಲವು ದೀರ್ಘ ಕಾಯಿಲೆಗಳಿಗೆ ಸಂಬಳದ 80 ಪರ್ಸೆಂಟ್ ಸಿಗುತ್ತದೆ, ಅದೂ ಹೆಚ್ಚೆಂದರೆ ಎರಡು ವರ್ಷ. ಇವುಗಳ ನಡುವೆ ಹೆಚ್ಚು ಜನರಿಗೆ ಗೊತ್ತಿಲ್ಲದ್ದು ಪಿಎಫ್ ಜೊತೆಗಿರುವ 1995ರ ಪಿಂಚಣಿ ಯೋಜನೆ. ಕೆಲಸದಲ್ಲಿರುವಾಗ ಶಾಶ್ವತವಾಗಿ, ಪೂರ್ಣವಾಗಿ ದುಡಿಯಲಾಗದವರಾದರೆ, ಒಂದೇ ತಿಂಗಳ ವಂತಿಗೆ ಕಟ್ಟಿದ್ದರೂ ಪಿಂಚಣಿ ಸಿಗುತ್ತದೆ. ಅಪಘಾತವೇ ಆಗಬೇಕೆಂಬ ಷರತ್ತಿಲ್ಲ, ಯಾವ ಜೀನು ಎಂದು ಕೇಳುವವರಿಲ್ಲ. ಕನಿಷ್ಠ ಪಿಂಚಣಿ ತಿಂಗಳಿಗೆ 1000 ರೂಪಾಯಿ. ಮೊತ್ತ ನಗೆಪಾಟಲು, ತತ್ವ ಸರಿಯಾದದ್ದು. ಕಾಯಿಲೆಯ ವೈಕಲ್ಯವನ್ನೂ ವೈಕಲ್ಯವೆಂದು ಒಪ್ಪುವುದು ಅಸಾಧ್ಯವೇನಲ್ಲ ಎಂದು ಈ ದೇಶದ್ದೇ ಯೋಜನೆಯೊಂದು ಸುಮಾರು ಮೂವತ್ತು ವರ್ಷದಿಂದ ತೋರಿಸುತ್ತ ಬಂದಿದೆ.

2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವವಿಮೆ, ಆರೋಗ್ಯವಿಮೆಗಳ ಮೇಲಿನ 18 ಪರ್ಸೆಂಟ್ ಜಿಎಸ್‌ಟಿ ಸೊನ್ನೆಯಾಯಿತು. ಒಳ್ಳೆಯದೇ. ಮಾರಲೊಪ್ಪದ ಸರಕಿನ ಮೇಲಿನ ತೆರಿಗೆ ಎಷ್ಟಿದ್ದರೇನು ಎಂದು ಕೇಳುವವರೂ ಇದ್ದಾರೆಂಬುದು ಆ ದಿನದ ಸಂಭ್ರಮದಲ್ಲಿ ಯಾರಿಗೂ ನೆನಪಾಗಲಿಲ್ಲ. ‘2047ಕ್ಕೆ ಎಲ್ಲರಿಗೂ ವಿಮೆ’ ಎಂಬುದು ಐಆರ್‌ಡಿಎಐನ ಘೋಷಣೆ. ಇಂದು 34 ವರ್ಷದವರಿಗೆ ಅಷ್ಟೊತ್ತಿಗೆ ನಿವೃತ್ತಿಯ ವಯಸ್ಸು ಹತ್ತಿರವಾಗಿರುತ್ತದೆ.

ಬೇಕಾಗಿರುವುದು ದಾನವಲ್ಲ, ಬೆಲೆ. ಪ್ರೀಮಿಯಂ ಹೆಚ್ಚು ಕೇಳಲಿ. ಈಗಾಗಲೇ ಹೋಗಿರುವ ಬಲಕ್ಕೆ ಹಣ ಬೇಡ, ಇನ್ನು ಮುಂದೆ ಹೋಗುವುದಕ್ಕೆ ಕಾಯುವ ಅವಧಿ ಹಾಕಲಿ. ಆದರೆ ನರಕ್ಕೆ ಸಂಬಂಧವೇ ಇಲ್ಲದ ಅಪಘಾತದಲ್ಲಿ ಕಣ್ಣು ಕಳೆದುಕೊಂಡವರಿಗೆ ಪಾದ ತೋರಿಸಿ ಇಲ್ಲವೆನ್ನಬಾರದು. ಬಿದ್ದದ್ದು ಕಾಯಿಲೆಯಿಂದಲೇ ಎಂದು ಸಾಬೀತು ಮಾಡುವ ಹೊಣೆ ಕಂಪನಿಯದಾಗಬೇಕು. 2016ರ ಆರೋಗ್ಯವಿಮಾ ನಿಯಮಾವಳಿಯಲ್ಲೇ, ಅರ್ಜಿ ತಿರಸ್ಕರಿಸುವುದು ಕಟ್ಟಕಡೆಯ ದಾರಿಯಾಗಿರಬೇಕು, ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕು ಎಂದಿತ್ತು. ಫೋನಿನಲ್ಲಿ ‘ಮೆಡಿಕಲ್ ಗ್ರೌಂಡ್ಸ್’ ಎಂದು ಹೇಳಿ ಮುಗಿಸುವವರಿಂದ ಆ ಕಾಗದವನ್ನು ಪಟ್ಟುಹಿಡಿದು ಕೇಳಿ ಪಡೆಯಬೇಕು. ಕಾಗದವಿಲ್ಲದ ನಿರಾಕರಣೆಯನ್ನು ಯಾವ ಕೋರ್ಟಿಗೂ ಒಯ್ಯಲಾಗದು.

ಕೋರ್ಟಿಗೆ ಒಯ್ದರೆ ಏನಾಗಬಹುದು ಎಂಬುದಕ್ಕೂ ಉದಾಹರಣೆಯಿದೆ. ಗಾಲಿಕುರ್ಚಿ ಬಳಸುವ ಒಬ್ಬರಿಗೆ ಆರೋಗ್ಯವಿಮೆ ನಿರಾಕರಿಸಿದ ಪ್ರಕರಣ ದೆಹಲಿ ಹೈಕೋರ್ಟಿಗೆ ಹೋಯಿತು. 2022ರ ಡಿಸೆಂಬರಿನಲ್ಲಿ ಕೋರ್ಟು, ಅಂಗವಿಕಲರಿಗೆ ಪಾಲಿಸಿ ರೂಪಿಸುವಂತೆ ನೋಡಿಕೊಳ್ಳಿ ಎಂದು ಐಆರ್‌ಡಿಎಐಗೆ ಹೇಳಿತು. 2023ರ ಫೆಬ್ರವರಿ 27ರಂದು ಪ್ರಾಧಿಕಾರ ಸುತ್ತೋಲೆ ಹೊರಡಿಸಿ, ಅಂಗವಿಕಲರು, ಎಚ್‌ಐವಿ ಇರುವವರು, ಮಾನಸಿಕ ಕಾಯಿಲೆಯವರಿಗೆಂದು ಒಂದು ಮಾದರಿ ಪಾಲಿಸಿಯನ್ನೇ ಬರೆದು ಲಗತ್ತಿಸಿ, ಪ್ರತಿ ಸಾಮಾನ್ಯ ವಿಮಾ ಕಂಪನಿಯೂ ಆರೋಗ್ಯವಿಮಾ ಕಂಪನಿಯೂ ಇಂಥದ್ದೊಂದನ್ನು ಮಾರಲೇಬೇಕು ಎಂದಿತು. ಕೋರ್ಟಿನ ಆದೇಶಕ್ಕೂ ಸುತ್ತೋಲೆಗೂ ನಡುವೆ ಮೂರು ತಿಂಗಳೂ ಹಿಡಿಯಲಿಲ್ಲ. ಆ ಮಾದರಿ ಪಾಲಿಸಿಯೂ ಆಸ್ಪತ್ರೆ ಖರ್ಚಿನದೇ, ಆದಾಯದ ಮಾತು ಅದರಲ್ಲಿಲ್ಲ. 2016ರ ಕಾಯ್ದೆಯ 24ನೇ ಸೆಕ್ಷನ್ನಿನಲ್ಲಿ, ಬೇರೆ ಯೋಜನೆಗಳ ವ್ಯಾಪ್ತಿಗೆ ಬಾರದ ಅಂಗವಿಕಲರಿಗೆ ಸಮಗ್ರ ವಿಮಾ ಯೋಜನೆ ತರುವ ಮಾತು ಇದೆ. ಆ ಸೆಕ್ಷನ್ ಕೈಯಲ್ಲಿಟ್ಟುಕೊಂಡು, ತಿರಸ್ಕಾರದ ಕಾಗದ ಲಗತ್ತಿಸಿ, ದುಡಿಮೆಯ ನಷ್ಟಕ್ಕೂ ಇಂಥದ್ದೇ ಒಂದು ಮಾದರಿ ಪಾಲಿಸಿ ಬರೆಯಿರಿ, 40 ಪರ್ಸೆಂಟಿನ ಗೆರೆಯ ಕೆಳಗಿರುವವರನ್ನೂ ಅದರೊಳಗೆ ಸೇರಿಸಿ ಎಂದು ಕೇಳುವ ಮೊದಲ ಅರ್ಜಿ ಪುಣೆಯಿಂದ ಹೋದರೂ ಸರಿ, ಧಾರವಾಡದಿಂದ ಹೋದರೂ ಸರಿ.